ಪದಚರ್ಚೆ: ‘ಸಿಲಿಂಡರ್ ಸೀಲ್’ – ಕಲ್ಲಿಗೂ ಮುದ್ರೆ, ಗುರುತಿಗೂ ಮುದ್ರೆ?

ಎಲ್ಲರಿಗೂ ನಮಸ್ಕಾರ.

ಮೆಸೊಪೊಟೇಮಿಯಾದ ಬಗ್ಗೆ ಶಾಲಾ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ‘ಸಿಲಿಂಡರ್ ಸೀಲ್’ಗೆ ಒಳ್ಳೆಯ ಕನ್ನಡ ಪದ ಬೇಕಾಗಿದೆ.

ವಸ್ತು ಇಂಥದ್ದು. ಬೆರಳಿನ ಗೆಣ್ಣಿನಷ್ಟು ಉದ್ದದ ದುಂಡನೆಯ ಕಲ್ಲು. ದಾರ ಪೋಣಿಸಲು ಉದ್ದಕ್ಕೂ ತೂತು. ಮೈಸುತ್ತ ಚಿತ್ರ, ಕೆಲವದರಲ್ಲಿ ಒಡೆಯನ ಹೆಸರೂ ಇರುತ್ತದೆ, ಅದೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ. ಹಸಿ ಜೇಡಿಮಣ್ಣಿನ ಮೇಲೆ ಉರುಳಿಸಿದರೆ ಚಿತ್ರ ಉಬ್ಬಿ ಮೂಡುತ್ತದೆ, ಅಕ್ಷರ ನೆಟ್ಟಗಾಗುತ್ತದೆ. ಕ್ರಿ.ಪೂ. 3500ರ ಸುಮಾರಿಗೆ ಶುರುವಾದದ್ದು. ಗಡಿಗೆಯ ಬಾಯಿ, ಉಗ್ರಾಣದ ಬಾಗಿಲು, ಮಣ್ಣಿನ ಹಲಗೆಯ ಪತ್ರ, ಎಲ್ಲದಕ್ಕೂ ಇದೇ ಬೀಳುತ್ತಿತ್ತು.

‘ಮುದ್ರೆ’ ಅಂದರೆ ಸಾಲದಾ ಅನ್ನಬಹುದು. ನನಗೆ ಸಾಲುತ್ತಿಲ್ಲ. ‘ಉಗ್ರಾಣದಲ್ಲಿ ಮುದ್ರೆ ಸಿಕ್ಕಿತು’ ಅಂದರೆ ಏನು ಸಿಕ್ಕಿತು? ಕಲ್ಲು ಸಿಕ್ಕಿದ್ದರೆ ಅದರ ಒಡೆಯ ಅಲ್ಲೇ ಇದ್ದಿರಬಹುದು. ಗುರುತು ಬಿದ್ದ ಮಣ್ಣು ಸಿಕ್ಕಿದ್ದರೆ ಸರಕು ಬೇರೆ ಊರಿಂದ ಬಂದಿರಬಹುದು. ಕತೆಯೇ ಬದಲಾಗುತ್ತದೆ ಅಲ್ವಾ? ಮೆಸೊಪೊಟೇಮಿಯಾದಲ್ಲೇ ಬಾಳಿದ ಅಕ್ಕಾಡಿಯನ್ನರ ‘ಕುನುಕ್ಕು’ ಎಂಬ ಪದ ಕೂಡ ಹೀಗೇ, ಮುದ್ರೆಗೂ ಮುದ್ರೆ ಬಿದ್ದ ಪತ್ರಕ್ಕೂ ಒಂದೇ ಪದ. ಆದರೆ ಅವರ ಕೈಯಲ್ಲಿ ವಸ್ತುವೇ ಇತ್ತು, ನಮ್ಮ ಮಕ್ಕಳ ಮುಂದೆ ಇರುವುದು ಚಿತ್ರ ಮಾತ್ರ.

ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಅಡ್ಡಾ ಎಂಬ ಲಿಪಿಕಾರನ ಮುದ್ರೆಯನ್ನೇ ನೋಡಿ. ಬೆಟ್ಟ ಸೀಳಿಕೊಂಡು ಮೇಲೆ ಬರುವ ಸೂರ್ಯದೇವ, ಹೆಗಲಿಂದ ನೀರು ಮೀನು ಹರಿಸುವ ನೀರಿನ ದೇವರು. ಪುಸ್ತಕಗಳಲ್ಲಿ ಜಾಸ್ತಿ ಕಾಣುವುದು ಇದರ ಅಗಲವಾದ ಚಿತ್ರಪಟ್ಟಿ. ಅದು ಈಗಿನವರು ಉರುಳಿಸಿ ತೆಗೆದ ಗುರುತು. ಮೂಲ ಕಲ್ಲಿನ ಎತ್ತರ 4 ಸೆಂಟಿಮೀಟರ್ ಕೂಡ ಇಲ್ಲ. ಪಟ್ಟಿಯ ಕೆಳಗೆ ಸುಮ್ನೆ ‘ಮುದ್ರೆ’ ಅಂತ ಬರೆದರೆ ಮಗು ಅದನ್ನು ಚಪ್ಪಟೆ ಕಲ್ಲು ಅಂದುಕೊಳ್ಳುತ್ತದೆ.

ಕಲ್ಲಿಗೆ ‘ಉರುಳೆಮುದ್ರೆ’ ಎಂದು ಯೋಚಿಸಿದ್ದೇನೆ. ‘ಉರುಳುಮುದ್ರೆ’ ನಾಲಿಗೆಗೆ ಹಗುರ, ಉರುಳುಸೇವೆಯೂ ನೆನಪಾಗುತ್ತದೆ, ಆದರೆ ಉರುಳಿಗೆ ನೇಣಿನ ಅರ್ಥವೂ ಇದೆ. ‘ಠಸ್ಸೆ’, ‘ಮೊಹರು’ ಬೇಡ, ಕಚೇರಿಯ ವಾಸನೆ. ಕ್ರಿಯಾಪದವೂ ‘ಒತ್ತು’ ಆಗದು, ‘ಉರುಳಿಸು’ ಎಂದೇ ಬರಬೇಕು.

ಗುರುತಿಗೆ ‘ಅಚ್ಚು’ ಅನ್ನೋಣವೆಂದರೆ ಅಲ್ಲೂ ಅದೇ ತೊಡಕು: ಬೆಲ್ಲ ಹೊಯ್ಯುವ ಮರವೂ ಅಚ್ಚು, ಹೊರಬಂದ ಬೆಲ್ಲವೂ ಅಚ್ಚು. ‘ಪಡಿಯಚ್ಚು’ ಹೊಂದುತ್ತದಾ? ಅಥವಾ ಅದು ತದ್ರೂಪು ಎಂಬ ಅರ್ಥಕ್ಕೇ ಅಂಟಿಕೊಂಡಿದೆಯಾ? ನಿಮ್ಮ ಕಡೆ ಮಣ್ಣಿನ ಕೆಲಸದವರು ಒತ್ತಿದ ಗುರುತಿಗೆ ಬೇರೆ ಹೆಸರು ಹೇಳುತ್ತಿದ್ದರೆ ದಯವಿಟ್ಟು ತಿಳಿಸಿ.