ಅಪ್ಪನ ಫೋನ್‌ದಾಗ ಕಾಲ್ ಮಾತು ಕೇಳಸವಲ್ದು, ಸ್ಪೀಕರ್ ಹಾಕಿದ್ರ ಮಾತ್ರ ಕೇಳಸ್ತೈತಿ [ಸರಿ ಆತು]

ಕೇಳಿದವರು, ಹುಬ್ಬಳ್ಳಿ

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮಪ್ಪನ ಫೋನ್ ತಗೊಂಡು ಎರಡ್ ವರ್ಷ ಆತ್ರಿ, ಈಗ ಒಂದ್ ತಿಂಗಳಿಂದ ಕಾಲ್ ಬಂದ್ರ ಆಕಡಿಯವ್ರ ಮಾತು ಭಾಳ ಸಣ್ಣಗ ಕೇಳಸ್ತೈತಿ, ಒಮ್ಮೊಮ್ಮೆ ಪೂರಾ ಕೇಳಸೂದ ಇಲ್ಲ. ವಾಲ್ಯೂಮ್ ಫುಲ್ ಇಟ್ಟೇನಿ. ಸ್ಪೀಕರ್ ಒತ್ತಿದ್ರ ಸ್ಪಷ್ಟ ಬರ್ತೈತಿ. ಅಪ್ಪ ಗೋಕುಲ ರೋಡ್ ಕಡೆ ಫ್ಯಾಬ್ರಿಕೇಶನ್ ಕೆಲಸ ಮಾಡ್ತಾರ, ಗೇಟು ಗ್ರಿಲ್ಲು, ಈಗ ಎಲ್ಲಾ ಕಾಲೂ ಸ್ಪೀಕರ್ ಹಾಕೇ ಮಾತಾಡ್ತಾರ, ಮನಿ ವಿಷಯ ರೊಕ್ಕದ ವಿಷಯ ಎಲ್ಲಾ ಸುತ್ತ ನಿಂತವ್ರಿಗೆ ಕೇಳಸ್ತೈತಿ. "ನಂದ ಕಿವಿ ಮಂದ ಆಗ್ಯಾವೇನೋ" ಅಂತ ಅನ್ನಾಕತ್ತಾರ, ಅದ ನಂಗ ಹೆಚ್ಚು ಸಂಕಟ. ನಾನೂ ಕಿವಿಗೆ ಇಟ್ಟು ನೋಡೇನಿ, ನಂಗೂ ಸಣ್ಣಗನ ಕೇಳಸ್ತು. ರೀಸ್ಟಾರ್ಟ್ ಮಾಡೇನಿ, ಸಿಮ್ ತಗದು ಹಾಕೇನಿ. ಅಂಗಡಿಯಾಂವ ನೋಡಿ ಬೋರ್ಡ್ ಹೋಗೇತಿ, 2,500 ಆಕ್ಕೈತಿ ಅಂದ. ಖರೇನ ಬೋರ್ಡ್ ಏನ್ರಿ?

ಉತ್ತರ, ತುಮಕೂರು

ಪ್ಲೇಸ್ಟೋರ್‌ನಲ್ಲಿ ವಾಲ್ಯೂಮ್ ಬೂಸ್ಟರ್ ಆಪ್ ಇರ್ತವೆ ಒಂದ್ ಹಾಕಿ ನೋಡಿ ಬ್ರೋ. ಇಲ್ಲಾಂದ್ರೆ ಫ್ಯಾಕ್ಟರಿ ರೀಸೆಟ್ ಹೊಡೀರಿ, ನಂದು ಹಂಗೇ ಸರಿ ಹೋಯ್ತು.

ಉತ್ತರ, ಮೈಸೂರು

ದಯವಿಟ್ಟು ರೀಸೆಟ್ ಈಗ್ಲೇ ಮಾಡ್ಬೇಡಿ, ಫೋಟೋ ನಂಬರ್ ಎಲ್ಲಾ ಹೋದ್ರೆ ಅಪ್ಪ ಬೇಜಾರ್ ಮಾಡ್ಕೋತಾರೆ. ಬೂಸ್ಟರ್ ಆಪೂ ಬೇಡ. ಅವು ಹಾಡು ವಿಡಿಯೋ ಸೌಂಡನ್ನ ಮಿತಿ ಮೀರಿ ಎತ್ತೋಕೆ ಇರೋವು, ನಿಮ್ಮ ತೊಂದ್ರೆ ಕಾಲ್‌ದು. ಸೌಂಡ್ ಒಡೆದು ಬರತ್ತೆ, ತುಂಬಾ ದಿನ ಹಾಗೇ ಬಳಸಿದ್ರೆ ಸ್ಪೀಕರ್ ಒಳಗಿನ ಕಾಯಿಲ್ ಸುಡೋ ಚಾನ್ಸೂ ಇದೆ.

ನಾನು ಕೆಲವು ವರ್ಷ ಮೊಬೈಲ್ ರಿಪೇರಿ ಮಾಡ್ತಿದ್ದೆ, "ಸೌಂಡ್ ಬರ್ತಿಲ್ಲ" ಅಂತ ಬಂದೋರಿಗೆಲ್ಲ ಮೊದ್ಲು ಕೇಳ್ತಿದ್ದದ್ದು ಯಾವ ಸೌಂಡು, ಎಲ್ಲಿಂದ ಬರೋದು ಅಂತ. ಯಾಕಂದ್ರೆ ಫೋನಲ್ಲಿ ವಾಲ್ಯೂಮ್ ಅನ್ನೋದು ಒಂದೇ ಅಲ್ಲ. ಹಾಡು ವಿಡಿಯೋಗೆ ಒಂದು, ಕಾಲ್‌ಗೆ ಒಂದು, ರಿಂಗ್‌ಗೆ ಒಂದು, ಅಲಾರಾಂಗೆ ಒಂದು. ಆಂಡ್ರಾಯ್ಡ್ 9 ಬಂದ್ಮೇಲೆ ಸುಮ್ನೆ ವಾಲ್ಯೂಮ್ ಬಟನ್ ಒತ್ತಿದ್ರೆ ಏರೋದು ಸಾಮಾನ್ಯವಾಗಿ ಮೀಡಿಯಾದು, ಕಾಲ್‌ದಲ್ಲ. ಎಷ್ಟೋ ಜನ ಹೋಮ್ ಸ್ಕ್ರೀನಲ್ಲಿ ಒತ್ತಿ ಒತ್ತಿ ಫುಲ್ ಮಾಡಿದೀನಿ ಅಂತಾರೆ, ಕಾಲ್ ವಾಲ್ಯೂಮ್ ಕೆಳಗೇ ಇರತ್ತೆ. ಹಾಗಾಗಿ ಯಾರಿಗಾದ್ರೂ ಕಾಲ್ ಮಾಡಿ, ಅವ್ರು ಮಾತಾಡ್ತಿರುವಾಗ್ಲೇ, ಸ್ಪೀಕರ್ ಆಫ್ ಇಟ್ಕೊಂಡು ಬಟನ್ ಒತ್ತಿ.

ಅದ್ರಿಂದ್ಲೂ ಆಗ್ಲಿಲ್ಲ ಅಂದ್ರೆ ಜಾಗ ಹುಡುಕೋಣ. ಕಿವಿಗೆ ಇಟ್ಕೊಳ್ಳೋ ಮೇಲಿನ ಸಣ್ಣ ಸೀಳಿನ ಹಿಂದೆ ಇರೋದು ಇಯರ್‌ಪೀಸ್. ಕೆಳಗೆ ಚಾರ್ಜಿಂಗ್ ಪಿನ್ ಪಕ್ಕ ಇರೋದು ದೊಡ್ಡ ಸ್ಪೀಕರ್. ಎರಡೂ ಬೇರೆ ಬೇರೆ ಪಾರ್ಟು. ನಿಮ್ದು ಸ್ಪೀಕರಲ್ಲಿ ಚೆನ್ನಾಗಿ ಬರ್ತಿದೆ ಅಂದ್ಮೇಲೆ ನೆಟ್‌ವರ್ಕು ಸಿಮ್ಮು ಸರಿ ಇದೆ. ಈಗ ಬ್ಲೂಟೂತ್ ಆಫ್ ಮಾಡಿ, ವಾಟ್ಸಾಪಲ್ಲಿ ಯಾವ್ದಾದ್ರೂ ವಾಯ್ಸ್ ಮೆಸೇಜ್ ಪ್ಲೇ ಮಾಡಿ ಫೋನನ್ನ ಕಿವಿಗೆ ಇಟ್ಕೊಳ್ಳಿ, ಆಗ ಸೌಂಡ್ ಇಯರ್‌ಪೀಸಿಂದ್ಲೇ ಬರತ್ತೆ. ಅಲ್ಲೂ ಸಣ್ಣಗೆ ಬಂದ್ರೆ ಇಯರ್‌ಪೀಸೋ ಅದ್ರ ಜಾಲರಿಯೋ ಅನ್ನೋದು ಹೆಚ್ಚುಕಮ್ಮಿ ಗ್ಯಾರಂಟಿ. ಆಮೇಲೆ ಇಯರ್‌ಫೋನ್ ಹಾಕಿ ಒಂದು ಕಾಲ್ ಮಾಡಿ ನೋಡಿ. ಫೋನು ಸ್ಯಾಮ್‌ಸಂಗ್ ಆಗಿದ್ರೆ ಡಯಲ್ ಪ್ಯಾಡಲ್ಲಿ *#0*# ಒತ್ತಿ, ಟೆಸ್ಟ್ ಮೆನು ತೆರೆಯತ್ತೆ, ಅದ್ರಲ್ಲಿ ರಿಸೀವರ್ ಅಂತ ಇರೋದು ಇಯರ್‌ಪೀಸು. ರೆಡ್ಮಿ ಆಗಿದ್ರೆ *#*#6484#*#*. ಏನಾಯ್ತು ಅಂತ ಬರೀರಿ.

ಕುಂದಾಪುರದಿಂದ

ನಡುವೆ ಬಂದದ್ದಕ್ಕೆ ಕ್ಷಮೆ ಇರಲಿ, ನನ್ನ ಅಮ್ಮನ ಫೋನಲ್ಲಿ ಇದು ಉಲ್ಟಾ. ವಾಟ್ಸಾಪ್ ವಾಯ್ಸ್ ಮೆಸೇಜ್ ಹಾಕಿದ ತಕ್ಷಣ ಸ್ಕ್ರೀನ್ ಕಪ್ಪಾಗಿ ಸೌಂಡ್ ಪಿಸುಪಿಸು ಅಂತ ಬರುತ್ತೆ, ಫೋನ್ ಕೈಯಲ್ಲೇ ಇದ್ದರೂ. ಯೂಟ್ಯೂಬ್ ಸರಿ ಇದೆ. ದುಬೈಯಲ್ಲಿರುವ ಅಣ್ಣ ದಿನಾ ವಾಯ್ಸ್ ಮೆಸೇಜೇ ಕಳಿಸೋದು, ಅಮ್ಮನಿಗೆ ಕೇಳಿಸೋದೇ ಇಲ್ಲ.

ಉತ್ತರ, ಮೈಸೂರು

ಇತ್ತೀಚೆಗೆ ಹೊಸ ಟೆಂಪರ್ಡ್ ಗ್ಲಾಸ್ ಹಾಕ್ಸಿದ್ರಾ ಮೇಡಂ? ಫೋನಿನ ಮೇಲ್ಗಡೆ ಪ್ರಾಕ್ಸಿಮಿಟಿ ಸೆನ್ಸರ್ ಅಂತ ಇರತ್ತೆ, ಏನಾದ್ರೂ ಹತ್ರ ಬಂದ್ರೆ "ಕಿವಿಗೆ ಇಟ್ಕೊಂಡ್ರು" ಅಂತ ತಿಳ್ಕೊಂಡು ಸ್ಕ್ರೀನ್ ಆರಿಸಿ ಸೌಂಡನ್ನ ಇಯರ್‌ಪೀಸಿಗೆ ಕಳ್ಸತ್ತೆ. ಗ್ಲಾಸು ಅದ್ರ ಮೇಲೆ ಕೂತ್ರೆ, ಅಥ್ವಾ ಅಂಚಲ್ಲಿ ಧೂಳು ಎಣ್ಣೆ ಕೂತ್ರೆ ಫೋನು ಸದಾ ಕಿವೀಲೇ ಇದೆ ಅಂದ್ಕೊಳ್ಳತ್ತೆ. ಗ್ಲಾಸ್ ತೆಗೆದು ಆ ಜಾಗ ಒರೆಸಿ ಒಂದ್ಸಲ ಪ್ಲೇ ಮಾಡಿ ನೋಡಿ.

ಕೇಳಿದವರು, ಹುಬ್ಬಳ್ಳಿ

ಸರ್ ಎಲ್ಲಾ ಮಾಡೇನ್ರಿ. ಕಾಲ್ ನಡುವ ಬಟನ್ ಒತ್ತಿದ್ನಿ, ಮೊದ್ಲ ಫುಲ್ ಇತ್ತು. ವಾಯ್ಸ್ ಮೆಸೇಜ್ ಕಿವಿಗೆ ಇಟ್ರ ಅದೂ ಸಣ್ಣಗ, ಸ್ವಲ್ಪ ಗರಗರ ಅಂತೈತಿ. ಇಯರ್‌ಫೋನ್ ಹಾಕಿದ್ರ ಮಸ್ತ್ ಕೇಳಸ್ತು. ಟೆಸ್ಟ್‌ದಾಗ ರಿಸೀವರ್ ಒತ್ತಿದ್ರ ಸೌಂಡ್ ಬರ್ತೈತಿ ಖರೆ, ಬಾಯಿಗೆ ಅರಿವಿ ಕಟ್ಟಿ ಮಾತಾಡಿದಂಗ.

ಉತ್ತರ, ಮೈಸೂರು

ಅಂದ್ರೆ ಇಯರ್‌ಪೀಸ್ ಪೂರ್ತಿ ಸತ್ತಿಲ್ಲ, ಅದ್ರ ಬಾಯಿ ಮುಚ್ಚಿದೆ. ಬೋರ್ಡಿಗೆ ದುಡ್ಡು ಕೊಡೋ ಮಾತು ಸದ್ಯಕ್ಕೆ ಬಿಡಿ. ಅಪ್ಪ ಫ್ಯಾಬ್ರಿಕೇಶನ್ ಅಂದಾಗ್ಲೇ ನಂಗೆ ಅನುಮಾನ ಬಂದಿತ್ತು. ಮೊದ್ಲು ಒಂದು ಕೆಲಸ ಮಾಡಿ, ಇನ್ನೊಂದು ಫೋನಿನ ಟಾರ್ಚ್ ಹಾಕಿ ಆ ಮೇಲಿನ ಸೀಳನ್ನ ಓರೆಯಾಗಿ ನೋಡಿ. ಕಪ್ಪಗೆ ಮುಳ್ಳುಮುಳ್ಳಾಗಿ, ಗಡ್ಡದ ಕೂದಲು ನಿಂತ ಹಾಗೆ ಏನಾದ್ರೂ ಕಾಣತ್ತಾ?

ಕೇಳಿದವರು, ಹುಬ್ಬಳ್ಳಿ

ಹೌದ್ರಿ!! ಖರೇನ ಹಂಗ ಐತಿ. ನಾನು ಧೂಳಾ ಅನ್ಕೊಂಡಿದ್ನಿ.

ಉತ್ತರ, ಮೈಸೂರು

ಅದು ಕಬ್ಬಿಣದ ಪುಡಿ. ಇಯರ್‌ಪೀಸ್ ಕೂಡ ಒಂದು ಪುಟ್ಟ ಸ್ಪೀಕರೇ, ಸ್ಪೀಕರ್ ಅಂದ್ಮೇಲೆ ಒಳಗೆ ಮ್ಯಾಗ್ನೆಟ್ ಇದ್ದೇ ಇರತ್ತೆ. ಗ್ರೈಂಡರ್ ಹೊಡೆಯುವಾಗ ಹಾರೋ ಪುಡಿ ಶರ್ಟ್ ಜೇಬಲ್ಲಿ, ಮೇಜಿನ ಮೇಲೆ, ಕೈಯಲ್ಲಿ ಎಲ್ಲಾ ಕಡೆ ಇರತ್ತೆ, ಫೋನ್ ಹತ್ರ ಬಂದ ತಕ್ಷಣ ಮ್ಯಾಗ್ನೆಟ್ ಅದನ್ನ ಎಳ್ಕೊಂಡು ಜಾಲರಿಗೆ ಕಚ್ಚಿಸತ್ತೆ. ಲೇತ್ ಕೆಲಸದವರು, ವೆಲ್ಡಿಂಗ್ ಅವರು, ಬೀಗದ ಕೈ ಮಾಡೋರು, ಇವ್ರ ಫೋನಲ್ಲೆಲ್ಲ ಇದನ್ನ ನೋಡಿದೀನಿ. ಮಾಮೂಲಿ ಧೂಳು ಬ್ರಶ್ಶಿಗೆ ಬಿದ್ದು ಹೋಗತ್ತೆ, ಇದು ಬ್ರಶ್ ಆಡಿಸಿದ್ರೆ ಮತ್ತೆ ಅಲ್ಲೇ ಹೋಗಿ ಕೂರತ್ತೆ, ಜೋರಾಗಿ ಉಜ್ಜಿದ್ರೆ ಇನ್ನೂ ಒಳಗೆ. ಅದಕ್ಕೇ ಅಂಟಿಸಿ ತೆಗೀಬೇಕು.

ಸ್ಟೇಷನರಿ ಅಂಗಡೀಲಿ ಗೋಡೆಗೆ ಚಾರ್ಟ್ ಅಂಟಿಸೋ ಬ್ಲೂ ಟ್ಯಾಕ್ ಸಿಗತ್ತೆ, ಅಂಟಂಟಾದ ಹಿಟ್ಟಿನ ಥರ ಇರತ್ತೆ. ಫೋನ್ ಸ್ವಿಚ್ ಆಫ್ ಮಾಡಿ, ಗ್ಲಾಸ್ ಹಾಕಿದ್ರೆ ಅದನ್ನೂ ತೆಗೆದು, ಸ್ವಲ್ಪ ಟ್ಯಾಕನ್ನ ಚೆನ್ನಾಗಿ ನಾದಿ ಸೀಳಿನ ಮೇಲೆ ಮೆತ್ತಗೆ ಒತ್ತಿ ಎತ್ತಿ. ತುರುಕ್ಬೇಡಿ, ತುಂಡಾಗಿ ಒಳಗೇ ಉಳಿದ್ರೆ ಇನ್ನೊಂದು ತಲೆನೋವು. ಪ್ರತಿ ಸಲ ಹೊಸ ಜಾಗದಿಂದ ಒತ್ತಿ, ಇಪ್ಪತ್ತು ಮೂವತ್ತು ಸಲ ಆದ್ರೂ ಬೇಜಾರಾಗ್ಬೇಡಿ. ಟ್ಯಾಕ್ ಸಿಗ್ಲಿಲ್ಲ ಅಂದ್ರೆ ಸೆಲ್ಲೋ ಟೇಪಿನ ಅಂಟು ಭಾಗ. ಕಪ್ಪು ಬರೋದು ನಿಂತ್ಮೇಲೆ ಫೋನನ್ನ ಮುಖ ಕೆಳಗೆ ಮಾಡಿ ಹಿಡಿದು, ಒಣಗಿದ ಮೆತ್ತನೆ ಟೂತ್‌ಬ್ರಶ್ಶಲ್ಲಿ ಅಡ್ಡಡ್ಡ ಒಂದ್ ನಾಲ್ಕು ಸಲ.

ಪಿನ್ನು ಸೂಜಿ ಮಾತ್ರ ಹಾಕ್ಬೇಡಿ, ಜಾಲರಿ ಹರಿದ್ರೆ ಪುಡಿ ನೇರ ಒಳಗಿನ ಪೊರೆಗೇ ಹೋಗತ್ತೆ. ಬಾಯಲ್ಲಿ ಊದೋದೂ ಬೇಡ, ಉಗುಳಿನ ತೇವಕ್ಕೆ ಕಬ್ಬಿಣ ತುಕ್ಕು ಹಿಡಿದು ಅಲ್ಲೇ ಗಟ್ಟಿ ಆಗತ್ತೆ. ಸ್ಪೀಕರ್ ಕ್ಲೀನರ್ ಅಂತ ಬುರ್ರ್ ಅನ್ನೋ ವಿಡಿಯೋಗಳು ನೀರು ಹೊಕ್ಕಾಗ ಸ್ವಲ್ಪ ಉಪಯೋಗ, ಮ್ಯಾಗ್ನೆಟ್ ಹಿಡ್ಕೊಂಡಿರೋ ಪುಡಿಗೆ ಅದ್ರಿಂದ ಏನೂ ಆಗಲ್ಲ.

ಇಷ್ಟಾದ್ಮೇಲೂ ಗರಗರ ಉಳಿದ್ರೆ ಪುಡಿ ಜಾಲರಿ ದಾಟಿ ಒಳಗೆ ಹೋಗಿದೆ ಅಂತ. ಆಗ ಅಂಗಡೀಲಿ "ಇಯರ್‌ಪೀಸ್ ಬದಲಾಯ್ಸಿ" ಅಂತ ನೀವೇ ಹೇಳಿ. ಸುಮಾರು ಫೋನಲ್ಲಿ ಅದು ಬೇರೆಯೇ ಪಾರ್ಟು, ಬೋರ್ಡ್ ಕೆಲಸದಷ್ಟು ಖರ್ಚು ಬರಲ್ಲ. ಬೋರ್ಡ್ ನೋಡ್ಬೇಕಾಗೋದು ಹೊಸ ಇಯರ್‌ಪೀಸಲ್ಲೂ ಸೌಂಡ್ ಬರದೇ ಹೋದ್ರೆ.

ಕುಂದಾಪುರದಿಂದ

ಸರ್, ಗ್ಲಾಸೇ! ತೆಗೆದ ಕೂಡಲೇ ಸರಿ ಆಯ್ತು. ಅಮ್ಮ ಕೂತು ಅಣ್ಣನ ಹಳೇ ಮೆಸೇಜ್ ಎಲ್ಲ ಒಂದೊಂದಾಗಿ ಕೇಳ್ತಿದ್ದಾರೆ. ತುಂಬಾ ಥ್ಯಾಂಕ್ಸ್. ಈಗ ಗ್ಲಾಸ್ ಇಲ್ಲದೇ ಬಿಡಬೇಕಾ?

ಉತ್ತರ, ಮೈಸೂರು

ಬೇಡ, ಅದೇ ಮಾಡೆಲ್‌ಗೆ ಅಂತ ಇರೋದು, ಮೇಲ್ಗಡೆ ಸೆನ್ಸರ್ ಜಾಗ ಬಿಟ್ಟಿರೋದು ಕೇಳಿ ಹಾಕ್ಸಿ. ಅಂಗಡೀಲೇ ನಿಂತು ಒಂದು ವಾಯ್ಸ್ ಮೆಸೇಜ್ ಪ್ಲೇ ಮಾಡಿ ನೋಡ್ಕೊಂಡೇ ಬನ್ನಿ.

ಕೇಳಿದವರು, ಹುಬ್ಬಳ್ಳಿ

ಸರ್ ನಿನ್ನೆ ರಾತ್ರಿ ಕೂತು ಮಾಡಿದ್ವಿ, ಅಪ್ಪ ಟಾರ್ಚ್ ಹಿಡದ್ರು ನಾನು ಟ್ಯಾಕ್ ಒತ್ತಿದ್ನಿ. ಮೊದಲನೇ ಸಲನ ಟ್ಯಾಕ್ ಪೂರಾ ಕರ್ರಗ ಆತು. ಸುಮಾರ್ ಅರ್ಧ ತಾಸು ಹಿಡೀತು. ಫೋನ್ ಆನ್ ಮಾಡಿ ನಾನು ಒಳಗಿನ ಖೋಲ್ಯಾಗಿಂದ ಕಾಲ್ ಮಾಡಿದ್ನಿ, ಅಪ್ಪ ಕಿವಿಗೆ ಇಟ್ಟವ್ರು "ಏ ಸಾವಕಾಶ ಮಾತಾಡಪಾ" ಅಂದ್ರು. ಅಷ್ಟ್ ಜೋರ್ ಬಂತ್ರಿ. ಗರಗರ ಒಂಚೂರು ಐತಿ, ಆದ್ರ ಮಾತು ಸ್ಪಷ್ಟ ಐತಿ, ಸದ್ಯ ಹಂಗ ಇರ್ಲಿ ಅಂದ್ರು. ಮತ್ತ ಬರದಂಗ ಏನ್ ಮಾಡಬೇಕ್ರಿ?

ಉತ್ತರ, ಮೈಸೂರು

ಬಹಳ ಖುಷಿ ಆಯ್ತು. ಕೆಲಸದ ಹೊತ್ತಲ್ಲಿ ಫೋನನ್ನ ಜಿಪ್ ಇರೋ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಇಡೋಕೆ ಹೇಳಿ, ಸ್ಕ್ರೀನ್ ಕವರ್ ಮೇಲಿಂದ್ಲೇ ಕೆಲಸ ಮಾಡತ್ತೆ. ಮೇಲಿನ ಜೇಬು ಬೇಡ, ಗ್ರೈಂಡರ್ ಪುಡಿ ಬಂದು ಬೀಳೋದೇ ಅಲ್ಲಿ. ವಾರಕ್ಕೊಂದ್ಸಲ ಟ್ಯಾಕ್ ಒತ್ತಿ ತೆಗೀರಿ, ಕೆಳಗಿನ ಸ್ಪೀಕರ್ ತೂತಿಗೂ, ಅಲ್ಲೂ ಮ್ಯಾಗ್ನೆಟ್ ಇದೆ. ಚಾರ್ಜಿಂಗ್ ಪಿನ್ನಿನ ಒಳಗೂ ಟಾರ್ಚ್ ಬಿಟ್ಟು ನೋಡಿ, ಕಬ್ಬಿಣದ ಪುಡಿಯಲ್ಲಿ ಕರೆಂಟ್ ಹರಿಯತ್ತೆ, ಪಿನ್ನಲ್ಲಿ ಇದ್ರೆ ಶಾರ್ಟ್ ಆಗ್ಬಹುದು.

ಇನ್ನೊಂದು, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ. ಈ ಸಲ ತಪ್ಪು ಫೋನಿಂದು, ಸರಿ. ಆದ್ರೆ ವರ್ಷಗಟ್ಲೆ ಗ್ರೈಂಡರ್ ಪಕ್ಕ ನಿಂತೋರ ಕಿವಿ ನಿಜವಾಗ್ಲೂ ಮಂದ ಆಗತ್ತೆ, ಅದೂ ನಿಧಾನಕ್ಕೆ, ಅವ್ರಿಗೇ ಗೊತ್ತಾಗದ ಹಾಗೆ. ದಿನಕ್ಕೆ ಎಂಟು ಗಂಟೆ ಕೆಲಸಕ್ಕೆ 85 ಡೆಸಿಬಲ್ ಅನ್ನೋದು ಸಾಮಾನ್ಯವಾಗಿ ಇಟ್ಕೊಳ್ಳೋ ಮಿತಿ, ಕಬ್ಬಿಣಕ್ಕೆ ಗ್ರೈಂಡರ್ ಹಚ್ಚಿದ್ರೆ ಶಬ್ದ ಅದನ್ನ ದಾಟಿ ಹೋಗತ್ತೆ. ಹೋದ ಕೇಳುವ ಶಕ್ತಿ ವಾಪಸ್ ಬರಲ್ಲ. ಇಯರ್ ಪ್ಲಗ್ ಹಾರ್ಡ್‌ವೇರ್ ಅಂಗಡೀಲೇ ಸಿಗತ್ತೆ. ಒಂದ್ಸಲ ನಿಮ್ಮ ಹುಬ್ಬಳ್ಳಿಯ ಕಿಮ್ಸ್ ಸರ್ಕಾರಿ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗಕ್ಕೆ ಕರ್ಕೊಂಡು ಹೋಗಿ ಆಡಿಯೋಮೆಟ್ರಿ ಮಾಡ್ಸಿ, ನೋವಿಲ್ಲದ ಟೆಸ್ಟು, ಹೆಡ್‌ಫೋನ್ ಹಾಕಿ ಸಣ್ಣ ಸಣ್ಣ ಸದ್ದು ಕೇಳಿಸ್ತಾರೆ ಅಷ್ಟೇ. ನಮ್ಮ ಮಾವನಿಗೆ ಇಲ್ಲಿ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೇಲಿ ಮಾಡ್ಸಿದ್ವಿ, ಇನ್ನೊಂದೈದು ವರ್ಷ ಮೊದ್ಲೇ ಹೋಗಿದ್ರೆ ಚೆನ್ನಾಗಿತ್ತು ಅಂತ ಈಗ್ಲೂ ಅನ್ಸತ್ತೆ.

ಕೇಳಿದವರು, ಹುಬ್ಬಳ್ಳಿ

ಹೂಂರಿ ಸರ್. ಇದನ್ನ ಅಪ್ಪಗ ಓದಿ ಹೇಳಿದ್ನಿ. ಮೊದ್ಲ ಬ್ಯಾಡ ಅಂದ್ರು, ಆಮ್ಯಾಲ ರಾತ್ರಿ ಮಲ್ಕೊಂಡಾಗ ಕಿವ್ಯಾಗ ಕುಂಯ್ ಅಂತೈತಿ ಅಂತ ತಾವ ಹೇಳಿದ್ರು, ಇಷ್ಟ್ ದಿನ ಯಾರಿಗೂ ಹೇಳಿದ್ದಿಲ್ಲ. ಸೋಮವಾರ ರಜಾ ಹಾಕಿ ಕರ್ಕೊಂಡ್ ಹೊಂಟೇನ್ರಿ.