ಸಿಂಟಿಲೇಟಿಂಗ್ ಫೈಬರ್‌ನ ವೇಗ ಹೆಚ್ಚಿಸಲು ಕ್ವೆಂಚರ್ ಸಾಲದೇ?

ಎಂ.ಎಸ್ಸಿ. ವಿದ್ಯಾರ್ಥಿನಿ, ಕಲಬುರಗಿ
ಕಣ ಪತ್ತೆಯ ಸಿಂಟಿಲೇಟಿಂಗ್ ಫೈಬರ್‌ಗಳ, ಅಂದರೆ ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್ ಎಳೆಗಳ ಕುರಿತು ಸೆಮಿನಾರು ಸಿದ್ಧಪಡಿಸುತ್ತಿದ್ದೇನೆ. ನಮ್ಮ ಪ್ರಯೋಗಾಲಯದಲ್ಲಿ ಒಂದು ತುಂಡು ಎಳೆಯಿದ್ದು, ಕಿಟಕಿಯ ಬೆಳಕಿಗೆ ಹಿಡಿದರೆ ಅದರ ತುದಿಗಳು ನೀಲಿಯಾಗಿ ಹೊಳೆಯುತ್ತವೆ. ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನ ಎಲ್‌ಎಚ್‌ಸಿಬಿ ಪ್ರಯೋಗದ ಕಾಲು ಮಿಲಿಮೀಟರ್ ಎಳೆಗಳ ಕ್ಷಯಕಾಲ (ಮಿನುಗು ಆರಲು ಹಿಡಿಯುವ ಹೊತ್ತು) 2.8 ನ್ಯಾನೋಸೆಕೆಂಡ್ ಎಂದು ಓದಿದೆ. ಬೆಂಜೊಫಿನೋನ್‌ನಂತಹ ಕ್ವೆಂಚರ್ (ಮಿನುಗನ್ನು ಬೇಗ ಆರಿಸುವ ವಸ್ತು) ಬೆರೆಸಿ ಇದನ್ನು ಇಳಿಸಬಾರದೇಕೆ?

ಉಪನ್ಯಾಸಕ, ಬೀದರ್
ಇಳಿಸಬಹುದು, ಆದರೆ ಅದಕ್ಕೆ ಬೆಳಕನ್ನೇ ಬೆಲೆಯಾಗಿ ತೆರಬೇಕಾಗುತ್ತದೆ. ಇಜೆ-232 ಎಂಬ ಪ್ಲಾಸ್ಟಿಕ್ ಸಿಂಟಿಲೇಟರ್‌ಗೆ ಶೇ. 0.5ರಷ್ಟು ಬೆಂಜೊಫಿನೋನ್ ಸೇರಿಸಿದರೆ ಕ್ಷಯಕಾಲ 1.6ರಿಂದ 0.7 ನ್ಯಾನೋಸೆಕೆಂಡ್‌ಗೆ ಇಳಿಯುತ್ತದೆಯಾದರೂ ಬೆಳಕು ಸುಮಾರು ಮೂರನೆಯ ಒಂದು ಭಾಗಕ್ಕೆ ಕುಸಿಯುತ್ತದೆ. ದಪ್ಪ ಹಲಗೆ ಈ ನಷ್ಟವನ್ನು ತಾಳೀತು. ಸಣ್ಣ ಎಳೆ ತಾಳದು, ಏಕೆಂದರೆ ಅದರಲ್ಲಿ ಹುಟ್ಟುವ ಫೋಟಾನ್‌ಗಳೇ ಕಡಿಮೆ, ಅವುಗಳಲ್ಲೂ ಒಂದೊಂದು ತುದಿಯತ್ತ ಸಾಗುವುದು ಎರಡು ಹೊದಿಕೆಯ ಎಳೆಯಲ್ಲಿಯೂ ಶೇ. 5ರಷ್ಟು ಮಾತ್ರ. ಮೊದಲ ಫೋಟಾನ್ ಬರುವ ಕ್ಷಣದ ಅನಿಶ್ಚಿತತೆ, ಸ್ಥೂಲವಾಗಿ, ಕ್ಷಯಕಾಲವನ್ನು ಫೋಟಾನ್‌ಗಳ ಸಂಖ್ಯೆಯಿಂದ ಭಾಗಿಸಿದಷ್ಟಿರುತ್ತದೆ. ಮೇಲಿನ ಅಂಕಿಗಳನ್ನೇ ಹಾಕಿ ನೋಡಿ, ಕಾಲಮಾಪನ ಸುಧಾರಿಸುವ ಬದಲು ಕೆಡುತ್ತದೆ.

ಸಾಮಾನ್ಯ ಎಳೆಯಲ್ಲಿ ಎರಡು ರಂಜಕಗಳು (ಫಾಸ್ಫರಸ್ ಅಲ್ಲ, ಬೆಳಕು ಸೂಸುವ ವರ್ಣವಸ್ತುಗಳು) ಬಿಡಿಬಿಡಿಯಾಗಿ ಬೆರೆತಿದ್ದು, ಮೊದಲನೆಯದು ಸೂಸಿದ ನೇರಳಾತೀತ ಫೋಟಾನನ್ನು ಎರಡನೆಯದು ಹೀರಿ ನೀಲಿಯಾಗಿ ಹೊರಬಿಡುತ್ತದೆ. ಈ ಕೈಬದಲಿನಲ್ಲಿ ಹೊತ್ತೂ ಹೋಗುತ್ತದೆ, ಬೆಳಕೂ ಸೋರುತ್ತದೆ. ಎನ್‌ಒಎಲ್ ಎಂಬ ಹೊಸ ಬಗೆಯಲ್ಲಿ ಸಿಲಿಕಾನ್ ಪರಮಾಣುಗಳ ಮೂಲಕ ಎರಡನ್ನೂ ಒಂದೇ ಅಣುವಾಗಿ ಕಟ್ಟಿರುವುದರಿಂದ ಶಕ್ತಿಯು ಫೋಟಾನಿನ ಹಂಗಿಲ್ಲದೆ ದಾಟುತ್ತದೆ. ಎನ್‌ಒಎಲ್-11 ಎಳೆಯ ಕ್ಷಯಕಾಲ ಸುಮಾರು 1.3 ನ್ಯಾನೋಸೆಕೆಂಡ್, ಬೆಳಕಿನಲ್ಲಿಯೂ ಅದು ಹಳೆಯದಕ್ಕೆ ಸರಿಸಮ. ಜಾಣತನವೆಂದರೆ ಇದು.

ಓದುಗ, ಯಾದಗಿರಿ
ಉಪನ್ಯಾಸಕರ ಮಾತಿಗೆ ಒಂದು ಸೇರ್ಪಡೆ. ಎಳೆಯ ನಡುವೆ ನೇರವಾಗಿ ಸಾಗುವ ಬೆಳಕಿಗೆ ಮೀಟರಿಗೆ 5.3 ನ್ಯಾನೋಸೆಕೆಂಡ್ ಬೇಕಾದರೆ, ಗೋಡೆಗೆ ಬಡಿಯುತ್ತ ಓರೆಯಾಗಿ ಬರುವ ಬೆಳಕಿಗೆ 5.9ರವರೆಗೆ ಬೇಕು. ಎಲ್‌ಎಚ್‌ಸಿಬಿಯ 2.4 ಮೀಟರ್ ಎಳೆಯಲ್ಲಿ ಈ ಅಂತರವೇ ಹೊಸ ರಂಜಕದ ಕ್ಷಯಕಾಲದಷ್ಟಾಗುತ್ತದೆ. ವೇಗದ ರಂಜಕದ ಪೂರ್ಣ ಲಾಭ ಸಿಗುವುದು ಮ್ಯೂ3ಇ ಎಂಬ ಕಣಭೌತ ಪ್ರಯೋಗದಲ್ಲಿರುವಂತಹ 30 ಸೆಂ.ಮೀ. ಆಸುಪಾಸಿನ ಗಿಡ್ಡ ಎಳೆಗಳಲ್ಲಿ.

ಎಂ.ಎಸ್ಸಿ. ವಿದ್ಯಾರ್ಥಿನಿ, ಕಲಬುರಗಿ
ಇಬ್ಬರಿಗೂ ಧನ್ಯವಾದಗಳು, ಸರ್. ನಮ್ಮ ತುಂಡು ಕಿಟಕಿಯ ಪಕ್ಕದಲ್ಲೇ ಇದ್ದರೆ ತೊಂದರೆಯಿಲ್ಲವೇ?

ಉಪನ್ಯಾಸಕ, ಬೀದರ್
ತೊಂದರೆಯಿದೆ. ಬಿಸಿಲಿನ ನೇರಳಾತೀತ ಕಿರಣಗಳು ರಂಜಕವನ್ನು ಕೆಡಿಸುತ್ತವೆ. ಕಪ್ಪು ಕಾಗದದಲ್ಲಿ ಸುತ್ತಿ ಕಪಾಟಿನಲ್ಲಿಡಿ.