ಅಪ್‌ಡೇಟ್: ಹಳೇ ಟೆಲಿಸ್ಕೋಪ್ ಸರಿಯಾಯಿತು

ಸೆಕೆಂಡ್ ಹ್ಯಾಂಡ್ 130 ಎಂಎಂ ರಿಫ್ಲೆಕ್ಟರ್ (ಕನ್ನಡಿಯಿಂದ ಬೆಳಕು ಹಿಡಿಯುವ ಟೆಲಿಸ್ಕೋಪ್) ತಗೊಂಡಿದ್ದೇನೆ, ನಕ್ಷತ್ರಗಳಿಗೆಲ್ಲ ಒಂದೇ ಕಡೆ ಬಾಲ ಬಂದ ಹಾಗೆ ಕಾಣುತ್ತದೆ, ಕನ್ನಡಿ ಹಾಳಾಗಿದೆಯಾ ಅಂತ ಕೇಳಿದ್ದೆ. ಕನ್ನಡಿ ಚೆನ್ನಾಗಿಯೇ ಇದೆ. ಕೆಟ್ಟಿದ್ದು ಕೊಲಿಮೇಶನ್, ಅಂದರೆ ಎರಡು ಕನ್ನಡಿಗಳ ಹೊಂದಾಣಿಕೆ.

ಚಿಕ್ಕ ಕನ್ನಡಿಯ ಮೂರು ಅಲೆನ್ ಸ್ಕ್ರೂಗಳಲ್ಲಿ (ಆರು ಮೂಲೆಯ ಕೀ ಹಾಕಿ ತಿರುಗಿಸುವಂಥವು) ಒಂದು ಪೂರ್ತಿ ಸಡಿಲ. ಟ್ಯೂಬನ್ನು ಅಡ್ಡ ಮಲಗಿಸಿ, ದೊಡ್ಡ ಕನ್ನಡಿಯನ್ನು ಹಿಡಿದಿರುವ ಮೂರೂ ಕ್ಲಿಪ್ ಚಿಕ್ಕ ಕನ್ನಡಿಯಲ್ಲಿ ಕಾಣುವ ತನಕ ತಿರುಗಿಸಿ ಬಿಗಿ ಮಾಡಿದೆ. ಕೀ ಜಾರಿದರೆ ಕನ್ನಡಿ ಮೇಲೆ ಬೀಳಬಾರದಲ್ವಾ! ಆಮೇಲೆ ದೊಡ್ಡ ಕನ್ನಡಿಯ ಹಿಂಬದಿಯ ಲಾಕ್ ಸ್ಕ್ರೂ ಸಡಿಲಿಸಿ, ಉಳಿದ ಮೂರನ್ನು ಚೂರು ಚೂರೇ ತಿರುಗಿಸಿದೆ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಜಾಗಕ್ಕೆ ಹಾಕುವ, ನಡುವೆ ತೂತಿರುವ ಮುಚ್ಚಳದಲ್ಲಿ ನೋಡುವಾಗ, ದೊಡ್ಡ ಕನ್ನಡಿಯ ಮೇಲಿನ ಉಂಗುರದ ಗುರುತಿನೊಳಗೆ ಆ ತೂತಿನ ಕಪ್ಪು ಚುಕ್ಕಿ ಬಂದು ಕೂರಬೇಕು.

ಧ್ರುವ ನಕ್ಷತ್ರ ಜಾಗ ಬಿಡಲ್ಲ, ಹೊಂದಾಣಿಕೆ ಸರಿಯಾಯಿತಾ ಅಂತ ಅದರಲ್ಲೇ ಪರೀಕ್ಷೆ ಮಾಡಿ ಎಂದು ಒಬ್ಬರು ಹೇಳಿದ್ದರು. ಬೆಂಗಳೂರಿನಲ್ಲಿ ಅದು ದಿಗಂತದಿಂದ ಸುಮಾರು 13 ಡಿಗ್ರಿಯಷ್ಟೇ ಮೇಲೆ. ಗಾಳಿಯ ನಡುಕ ಜಾಸ್ತಿ, ಜೊತೆಗೆ ಪಕ್ಕದ ಮನೆಯ ಸಿಂಟೆಕ್ಸ್ ಟ್ಯಾಂಕ್ ಅಡ್ಡ. ಹಾಗಾಗಿ ನೆತ್ತಿಯ ಹತ್ತಿರವಿದ್ದ ಸ್ವಾತಿ ನಕ್ಷತ್ರವನ್ನು ಹಿಡಿದೆ. ಫೋಕಸ್ ಸ್ವಲ್ಪ ಕೆಡಿಸಿದರೆ ಉಂಗುರಗಳು ಒಂದರೊಳಗೊಂದು ನೀಟಾಗಿ ಕಂಡವು, ಅಂದರೆ ಹೊಂದಾಣಿಕೆ ಸರಿಯಾಗಿದೆ. ಗುರು ಗ್ರಹದ ಎರಡು ಪಟ್ಟೆಗಳೂ 10 ಎಂಎಂ ಐಪೀಸ್‌ನಲ್ಲಿ ಈಗ ಸ್ಪಷ್ಟ.

ಟ್ರೈಪಾಡ್ ಮಾತ್ರ ಮುಟ್ಟಿದರೆ ಸಾಕು, ಅಲ್ಲಾಡುತ್ತದೆ. ಅದಕ್ಕೇನಾದರೂ ಉಪಾಯ ಇದ್ದರೆ ಹೇಳಿ.